ಬಾಯ್ಕಾಟ್ ಬೇರೆ, ಬಹಿಷ್ಕಾರ ಬೇರೆ

ಬೆಳಿಗ್ಗೆ ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಸುದ್ದಿ ಓದಿದೆ. ರಸ್ತೆ ಆಗುವವರೆಗೆ ಮತ ಹಾಕುವುದಿಲ್ಲ ಎಂದು ಪಟ್ಟು ಹಿಡಿದ ಹಳ್ಳಿಯೊಂದರ ಸುದ್ದಿಗೆ 'ಮತದಾನ ಬಹಿಷ್ಕಾರ' ಎಂಬ ತಲೆಬರಹ. ಅದರ ಕೆಳಗೇ, ದಲಿತ ಕುಟುಂಬವೊಂದಕ್ಕೆ ಯಾರೂ ದಿನಸಿ ಕೊಡಕೂಡದು, ಮಾತನಾಡಿಸಿದವರಿಗೆ ದಂಡ ಎಂದು ಯಜಮಾನರು ಕಟ್ಟು ಮಾಡಿದ ಸುದ್ದಿ. ಅದಕ್ಕೂ 'ಬಹಿಷ್ಕಾರ'. ಮೈ ಉರಿದುಹೋಯಿತು. ಬೇಡಿ ಬೇಡಿ ಸೋತವರ ಸಿಟ್ಟಿಗೂ ಊರಾಳುವವರ ದರ್ಪಕ್ಕೂ ಒಂದೇ ಹೆಸರೇ?

ಈ ತಕರಾರನ್ನು ನನ್ನ ಬಾಯಿಂದ ನೀವು ಮೊದಲೂ ಕೇಳಿದ್ದೀರಿ. ಅನುವಾದದಲ್ಲೇ ವರ್ಷಗಳನ್ನು ಕಳೆದವನು ನಾನು. 'ಬಾಯ್ಕಾಟ್' ಎದುರಾದಾಗಲೆಲ್ಲ 'ಬಹಿಷ್ಕಾರ' ಎಂದೇ ಬರೆದಿದ್ದೇನೆ. ಇನ್ನು ಬರೆಯಲಾರೆ.

ಬಾಯ್ಕಾಟ್ ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಎರ್ನ್ ಎಂಬ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ ಇಂಗ್ಲಿಷಿನವನು, ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. 1879ರಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25ರಷ್ಟು ಬಿಡಿ ಎಂದರು. ಜಮೀನ್ದಾರ 10ರ ಮೇಲೆ ಒಪ್ಪಲಿಲ್ಲ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟಿಸು ಹೊರಡಿಸಿದ. ಆಳುಗಳು ಹೊಲ ಬಿಟ್ಟು ನಡೆದರು. ಕಮ್ಮಾರ ಅವನ ಕೆಲಸ ಮುಟ್ಟಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಪೇಟೆಯ ಅಂಗಡಿಗಳು ಸಾಮಾನು ಕೊಡಲಿಲ್ಲ. ಕೊನೆಗೆ ಅಲ್‌ಸ್ಟರ್ ಕಡೆಯಿಂದ ಐವತ್ತು ಮಂದಿಯನ್ನು ಕರೆತಂದು, ಸೈನಿಕರನ್ನೂ ಪೊಲೀಸರನ್ನೂ ಕಾವಲಿಟ್ಟು ಕೊಯ್ಲು ಮಾಡಿಸಿದರು. ಸುಮಾರು 500 ಪೌಂಡಿನ ಬೆಳೆ ಉಳಿಸಲು ಖರ್ಚಾದದ್ದು ಸುಮಾರು 10,000 ಪೌಂಡು! ಡಿಸೆಂಬರ್ ಹೊತ್ತಿಗೆ ಅವನು ಐರ್ಲೆಂಡನ್ನೇ ಬಿಟ್ಟ.

ಶಬ್ದ ಹುಟ್ಟಿದ್ದು ಇನ್ನೂ ಸೊಗಸು. 'ಆಸ್ಟ್ರಸೈಜ್' ಎಂಬುದು ರೈತರಿಗೆ ಅರ್ಥವಾಗದು, 'ಬಾಯ್ಕಾಟ್' ಎನ್ನೋಣ ಎಂದು ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿ ಸೂಚಿಸಿದರು ಎಂದು ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿದ್ದಾನೆ. ಆಸ್ಟ್ರಸೈಜ್ ಎಂದರೆ ಹಿಂದೆ ಅಥೆನ್ಸಿನಲ್ಲಿ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಒಬ್ಬನನ್ನು ಹತ್ತು ವರ್ಷ ಊರಾಚೆ ಅಟ್ಟುತ್ತಿದ್ದರಲ್ಲ, ಅದು. ನಮ್ಮ ಬಹಿಷ್ಕಾರವೂ ಅದೇ ಜಾತಿಯ ಶಬ್ದ. 'ಬಹಿಸ್' ಎಂದರೆ ಹೊರಗೆ. ಒಳಗಿರುವವರು ಒಬ್ಬರನ್ನು ಹೊರಕ್ಕೆ ದಬ್ಬುವುದು. ಮೇಯೋದ ಆಳುಗಳು ಯಾರನ್ನೂ ದಬ್ಬಲಿಲ್ಲ, ತಾವೇ ಎದ್ದು ನಡೆದರು. ಪಾದ್ರಿ ಕಷ್ಟವೆಂದು ಬಿಟ್ಟ ಅರ್ಥವನ್ನೇ ನಾವು ಹುಡುಕಿ ತಂದು ಈ ಶಬ್ದಕ್ಕೆ ಅಂಟಿಸಿದೆವು.

ಕಾನೂನಿನ ಇಂಗ್ಲಿಷಿನಲ್ಲೂ ಅದೇ ಶಬ್ದವಿದೆಯಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ನಿಜ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ 'ಬಾಯ್ಕಾಟ್' ಎಂದೇ ಹೇಳುತ್ತದೆ. ಇಂಗ್ಲಿಷ್ ಎಡವಿದಲ್ಲೆಲ್ಲ ನಾವೂ ಎಡವಬೇಕೇ? ಐರ್ಲೆಂಡಿನಲ್ಲಿಯೂ ಬಡವರೇ ಪೆಟ್ಟು ತಿಂದಿಲ್ಲವೇ ಎಂದರು. ತಿಂದಿದ್ದಾರೆ. ಒಕ್ಕಲೆಬ್ಬಿಸಿ ಹೊರಹಾಕಲಾದವನ ಜಮೀನನ್ನು ಹಿಡಿದವನನ್ನು ದೂರವಿಡಿ ಎಂದು ಅಲ್ಲಿನ ರೈತ ಚಳವಳಿಯ ನಾಯಕ ಪಾರ್ನೆಲ್ ಎನಿಸ್ ಊರಿನಲ್ಲಿ ಭಾಷಣ ಮಾಡಿದ್ದ. ಆದರೆ ಆ ರೈತ ಇನ್ನೊಬ್ಬನ ನೆಲ ಹಿಡಿದಿದ್ದ. ಇಲ್ಲಿ ಹೊರಗಿಡಿಸಿಕೊಂಡವರು ಯಾರ ನೆಲ ಹಿಡಿದಿದ್ದರು?

ಹೇಳಿಬಿಡುತ್ತೇನೆ. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ನನ್ನ ಮುಂದೆ ಕೇರಿಯ ಹೆಂಗಸೊಬ್ಬರು ನಿಂತಿದ್ದರು, ಕಂಕುಳಲ್ಲಿ ರಾಗಿಯ ಡಬ್ಬ. ಗಿರಣಿಯವನು ಅವರನ್ನು ಕಾಣದವನಂತೆ ನನ್ನ ಡಬ್ಬ ಎತ್ತಿ ಸುರಿದುಕೊಂಡ. ಅವರು ಮುಚ್ಚಳವನ್ನು ಅಂಗೈಯಿಂದ ಒತ್ತಿ, ಸೆರಗು ಸರಿಮಾಡಿಕೊಂಡು ಹೊರಟುಹೋದರು. ಆ ಕಟ್ಟು ಹಾಕಿದ ಪಂಚಾಯಿತಿ ಸೇರಿದ್ದು ನಮ್ಮ ಮನೆಯ ಜಗಲಿಯಲ್ಲಿ. ನಮ್ಮಜ್ಜ ಮಧ್ಯದಲ್ಲಿ ಕೂತಿದ್ದರು.

ಪತ್ರಿಕೆಗಳಲ್ಲಿರುವ ಗೆಳೆಯರು ಹಲವರು ಇದನ್ನು ಓದುತ್ತೀರಿ. ರಸ್ತೆ ಕೇಳುವ ಆ ಹಳ್ಳಿಯ ಸುದ್ದಿ ನಾಳೆಯೂ ಬಂದರೆ 'ಮತ ಹಾಕಲು ನಿರಾಕರಣೆ' ಎನ್ನಿ, 'ಬಾಯ್ಕಾಟ್' ಎಂದರೂ ಸರಿಯೇ. ಕೆಳಗಿನ ಸುದ್ದಿಗೆ 'ಬಹಿಷ್ಕಾರ' ಎಂದೇ ಇರಲಿ. ಹಾಕಿದವರು ಯಾರೆಂಬುದು ಮಾತ್ರ ತಲೆಬರಹದಲ್ಲೇ ಬರಲಿ.