ಬಿಸಾಕಿದ್ದಲ್ಲ, ತಂದು ಬಿಟ್ಟಿದ್ದು

ಬೆಳಿಗ್ಗೆಯಿಂದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿದೆ. ಬರೆದು ಹಗುರಾಗದಿದ್ದರೆ ಇವತ್ತು ನಿದ್ದೆ ಬರಲ್ಲ. ಪೋಸ್ಟ್ ಉದ್ದವಾಗುತ್ತೆ, ಕೊನೇವರೆಗೂ ಓದಿ.

ತಂಗಿ ಬಾಣಂತನಕ್ಕೆ ಅಂತ ಸಿಂಗಪುರಕ್ಕೆ ಬಂದು ತಿಂಗಳಾಗುತ್ತಾ ಬಂತು, ನಿಮಗೆಲ್ಲ ಗೊತ್ತಿರೋದೇ. ಅಮ್ಮನಿಗೆ ಮಂಡಿನೋವು ಇಲ್ಲದಿದ್ದರೆ ಅವಳೇ ಬರುತ್ತಿದ್ದಳು. ಇವತ್ತು ತಂಗಿಯ ಯಜಮಾನರಿಗೆ ರಜೆ ಇತ್ತು. "ಅಕ್ಕ, ಬಂದಾಗಿನಿಂದ ಮನೆ ಬಿಟ್ಟು ಆಚೆ ಹೋಗಿಲ್ಲ ನೀವು. ಒಂದು ಸುತ್ತು ಹೋಗಿ ಬನ್ನಿ, ಮಗು ನಾನು ನೋಡ್ಕೋತೀನಿ" ಅಂದರು. ಸಿಟಿ ಹಾಲ್ ಸ್ಟೇಷನ್ನಿನಲ್ಲಿ ಇಳಿದು ನಡೆದೆ. ಬ್ರಾಸ್ ಬಸಾ ರಸ್ತೆ, ವಿಕ್ಟೋರಿಯಾ ರಸ್ತೆ ಕೂಡುವ ಕಡೆ ಒಂದು ಹಳೇ ಕಾನ್ವೆಂಟ್ ಇದೆ. ಈಗ ಅದರ ಹೆಸರು ಚೈಮ್ಸ್. ಒಳಗೆ ಬ್ರಿಟಿಷರ ಕಾಲದ ಒಂದು ಬಿಳಿ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ. ಅದನ್ನು ನೋಡಬೇಕು ಅಂತ ಮೊದಲಿಂದಲೂ ಆಸೆಯಿತ್ತು.

ಅಲ್ಲಿ ಹೋದರೆ ಕಿವಿಗೆ ಬಿದ್ದದ್ದು ಕನ್ನಡ! ನಮ್ಮ ಕಡೆಯ ಒಂದು ಪ್ರವಾಸದ ಗುಂಪು. ಹದಿನೈದು ಇಪ್ಪತ್ತು ಜನ ಇದ್ದರು. ತಿಂಗಳ ನಂತರ ರಸ್ತೆಯಲ್ಲಿ ಕನ್ನಡ ಕೇಳಿ ಎಷ್ಟು ಖುಷಿಯಾಯಿತು ಅಂದರೆ, ಸುಮ್ನೆ ಅವರ ಹಿಂದೆ ಹೋಗಿ ನಿಂತೆ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಅವರನ್ನು ಕರೆದುಕೊಂಡು ಬಂದಿದ್ದ ಹುಡುಗ ಅದನ್ನು ತೋರಿಸಿ ಹೇಳಿದ: "ಇದು ಗೇಟ್ ಆಫ್ ಹೋಪ್. ಆ ಕಾಲದಲ್ಲಿ ಬೇಡದ ಮಕ್ಕಳನ್ನ ಇಲ್ಲಿ ತಂದು ಬಿಸಾಕ್ತಿದ್ರು." ನಾಲ್ಕು ಜನ "ಅಯ್ಯೋ ಪಾಪ" ಅಂದರು. ಇನ್ನೊಬ್ಬರು "ಎಂಥ ತಾಯಂದಿರೋ" ಅಂದರು. ಎಲ್ಲರೂ ಚಾಪೆಲ್ ಕಡೆ ಫೋಟೊಗೆ ಹೊರಟರು.

ಬಿಸಾಕ್ತಿದ್ರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಕೇಳಿದ್ದನ್ನೇ ಅವನು ಹೇಳಿದ. ಸಿಟ್ಟಿರೋದು ಆ ಮಾತಿನ ಮೇಲೆ. ಕಸ ಬಿಸಾಕುತ್ತೇವೆ. ಹಳಸಿದ ಅನ್ನ ಬಿಸಾಕುತ್ತೇವೆ. ಬಿಸಾಕುವವರು ಜಾಗ ಹುಡುಕುತ್ತಾರಾ?

ಸ್ವಲ್ಪ ಯೋಚನೆ ಮಾಡಿ. 1854ರ ಫೆಬ್ರವರಿಯಲ್ಲಿ ಮದರ್ ಮಥಿಲ್ಡ್ ಮತ್ತು ಕೆಲವು ಫ್ರೆಂಚ್ ಸಿಸ್ಟರ್‌ಗಳು ಪೆನಾಂಗ್‌ನಿಂದ ಇಲ್ಲಿಗೆ ಬಂದರು. ಫಾದರ್ ಬ್ಯೂರೆಲ್ ಅನ್ನುವವರು ಅಷ್ಟರಲ್ಲಿ ಕಾಲ್ಡ್‌ವೆಲ್ ಹೌಸ್ ಅನ್ನೋ ಮನೆಯನ್ನು ಅವರಿಗಾಗಿ ಕೊಂಡಿಟ್ಟಿದ್ದರು. ಆ ಮನೆ ಈಗಲೂ ಇದೆ. ಸಿಸ್ಟರ್‌ಗಳು ಬಂದ ಹೊಸದರಲ್ಲೇ ಶಾಲೆ ಶುರು ಮಾಡಿದರು, ಜೊತೆಗೆ ಅನಾಥ ಮಕ್ಕಳನ್ನೂ ಸಾಕಲು ತೊಡಗಿದರು. ಸುದ್ದಿ ಊರಿಗೆಲ್ಲ ಹಬ್ಬಿರಬೇಕು. ಆಮೇಲೆ ಈ ಬಾಗಿಲಿಗೆ ಮಕ್ಕಳು ಬರತೊಡಗಿದವು. ಬುಟ್ಟಿಯಲ್ಲಿಟ್ಟು, ಹಳೇ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯೂ ಇಲ್ಲದವರು ಪೇಪರಿನಲ್ಲಿ ಸುತ್ತಿ. ಹೆಚ್ಚಿನವು ಹೆಣ್ಣು ಮಕ್ಕಳು. ಬಡತನ, ಕಾಯಿಲೆ, ಜೊತೆಗೆ ಮೂಢನಂಬಿಕೆ. ಚೀನೀಯರ ಪಂಚಾಂಗದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಹುಲಿ ವರ್ಷ ಬರುತ್ತೆ. ಆ ವರ್ಷ ಹುಟ್ಟಿದ ಹೆಣ್ಣು ಮನೆಗೆ ಆಗಿಬರಲ್ಲ ಅನ್ನೋ ನಂಬಿಕೆ ಇತ್ತು. ನಮ್ಮಲ್ಲಿ ಮೂಲಾ ನಕ್ಷತ್ರದ ಹೆಣ್ಣು ಅಂತ ಮೂಗು ಮುರೀತಾರಲ್ಲ, ಅದೇ ಥರ.

ಈಗ ಹೇಳಿ. ಸಿಂಗಪುರದಲ್ಲಿ ನದಿ ಇತ್ತು, ಸುತ್ತ ಸಮುದ್ರ ಇತ್ತು, ಆ ಕಾಲಕ್ಕೆ ಕಾಡೂ ಇತ್ತು. ನಿಜವಾಗಿ ಬೇಡವಾಗಿದ್ದರೆ ಅಲ್ಲೆಲ್ಲ ಜಾಗ ಇರಲಿಲ್ವಾ? ಹಸಿ ಬಾಣಂತಿ, ಅಥವಾ ಅವಳ ತಾಯಿ, ಅಥವಾ ಅಕ್ಕ, ಯಾರೋ ಒಬ್ಬರು ಆ ಮಗುವನ್ನು ಎದೆಗೆ ಒತ್ತಿಕೊಂಡು, ಯಾರಾದರೂ ಬಾಗಿಲು ತೆಗೆದೇ ತೆಗೆಯುತ್ತಾರೆ ಅಂತ ಗೊತ್ತಿರೋ ಮನೆವರೆಗೂ ನಡೆದು ಬಂದಿದ್ದಾರೆ. ಇದಕ್ಕೆ ಬಿಸಾಕೋದು ಅಂತೀರಾ?

ನನಗೆ ಇಷ್ಟು ಯಾಕೆ ತಾಗಿತು ಅಂತ ಹೇಳಲೇಬೇಕು. ಇಷ್ಟು ವರ್ಷದಲ್ಲಿ ಇಲ್ಲಿ ಯಾವತ್ತೂ ಬರೆದಿಲ್ಲ. ಅಮ್ಮನ್ನ ಕೇಳಿಯೇ ಬರೆಯುತ್ತಿದ್ದೇನೆ. ನಮ್ಮಮ್ಮ ಸಿಸ್ಟರ್‌ಗಳ ಅನಾಥಾಲಯದಲ್ಲಿ ಬೆಳೆದವಳು. ಎಂಟು ಹತ್ತು ದಿನದ ಕೂಸಾಗಿದ್ದಾಗ ಬೆಳಗಿನ ಜಾವ ಜಗಲಿ ಮೇಲೆ ಸಿಕ್ಕಿದ್ದಳಂತೆ. ಹಳೇ ಸೀರೆಯ ತುಂಡು ಎರಡು ಸುತ್ತು ಸುತ್ತಿತ್ತಂತೆ. ಅಮ್ಮ ದೊಡ್ಡವಳಾದ ಮೇಲೆ, ಅವತ್ತು ಎತ್ತಿಕೊಂಡಿದ್ದ ಸಿಸ್ಟರ್ ಒಂದು ಮಾತು ಹೇಳಿದ್ದರು. "ನಿನ್ನನ್ನ ಹೆಗಲಿಗೆ ಹಾಕ್ಕೊಂಡ ಕೂಡಲೇ ಹಾಲು ಕಕ್ಕಿದೆ. ಆಗಷ್ಟೇ ಹೊಟ್ಟೆ ತುಂಬ ಕುಡಿಸಿದ್ದಳು ನಿನ್ನಮ್ಮ."

ಅಮ್ಮ ಇವತ್ತಿನವರೆಗೂ ತನ್ನನ್ನ "ಬಿಟ್ಟು ಹೋದರು" ಅಂದಿಲ್ಲ. "ನನ್ನನ್ನ ಅಲ್ಲಿಗೆ ತಂದು ಬಿಟ್ಟರು" ಅನ್ನುತ್ತಾಳೆ. ಚಿಕ್ಕವಳಿದ್ದಾಗ ನನಗೆ ಎರಡೂ ಒಂದೇ ಅನಿಸುತ್ತಿತ್ತು. ಎರಡೂ ಒಂದೇ ಅಲ್ಲ. ಬಿಟ್ಟು ಹೋದರು ಅಂದರೆ ಕಾಣೋದು ಅವರ ಬೆನ್ನು. ತಂದು ಬಿಟ್ಟರು ಅಂದರೆ ಅವರು ಹೊತ್ತು ತಂದ ದಾರಿ ಕಾಣುತ್ತೆ. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತೀವಿ, ಅಜ್ಜಿ ಮನೆಗೆ ಬಿಟ್ಟು ಬರ್ತೀವಿ, ಅಲ್ವಾ? ಅದೇ ಬಿಡುವುದು.

ಇವತ್ತು ಆ ಬಾಗಿಲ ಹತ್ತಿರ ನಿಂತಾಗ ನನ್ನ ಕುರ್ತಾದ ಹೆಗಲ ಮೇಲೂ ಹಾಲಿನ ವಾಸನೆ ಇತ್ತು. ತಂಗಿ ಮಗು ಬೆಳಿಗ್ಗೆ ಕಕ್ಕಿದ್ದು. ಒರೆಸಿಕೊಂಡು ಹಾಗೇ ಬಂದಿದ್ದೆ.

ಇನ್ನು ಚಾಪೆಲ್. ತುಂಬಾ ಚೆಂದ ಇದೆ, ಅದನ್ನೂ ಹೇಳುತ್ತೇನೆ. ಫಾದರ್ ನೈನ್ ಅನ್ನೋ ಪಾದ್ರಿಯ ವಿನ್ಯಾಸ. 1904ರಲ್ಲಿ ಕಟ್ಟಿ ಮುಗಿಸಿದ್ದು. ಬಣ್ಣದ ಗಾಜು ಬೆಲ್ಜಿಯಂನ ಬ್ರೂಜ್ ಊರಿನಿಂದ ಬಂದಿದ್ದು. ಕಂಬಗಳ ಬೋದಿಗೆಗಳು, ಅಂದರೆ ಕಂಬದ ತಲೆಯ ಭಾಗ, ಒಟ್ಟು 648. ಎಲೆ, ಹೂವು, ಹಕ್ಕಿ ಮೂಡಿಸಿದ್ದಾರೆ, ಒಂದರ ಹಾಗೆ ಇನ್ನೊಂದಿಲ್ಲ. ಕತ್ತು ನೋಯುವವರೆಗೂ ನೋಡಿದೆ. ಒಂದರಲ್ಲಿ ಎಲೆಗಳ ನಡುವೆ ಹಕ್ಕಿ ಇತ್ತು. ಕಂಬಗಳಿಗೇ ಒಂದೊಂದಕ್ಕೆ ಒಂದೊಂದು ಮುಖ ಕೊಟ್ಟಿದ್ದಾರೆ. ಆ ಬಾಗಿಲಿಂದ ಒಳಗೆ ಬಂದ ಮಕ್ಕಳನ್ನು ಮಾತ್ರ ನಾವು "ಬೇಡದ ಮಕ್ಕಳು" ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ.

1983ರಲ್ಲಿ ಕಾನ್ವೆಂಟ್ ಶಾಲೆ ಇಲ್ಲಿಂದ ತೋವಾ ಪಾಯೋ ಕಡೆಗೆ ಹೋಯಿತು. ಚಾಪೆಲ್‌ನಲ್ಲಿ ಪೂಜೆ ನಿಂತಿತು. 1990ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು, ಆಮೇಲೆ ರಿಪೇರಿ ಮಾಡಿದರು. ಈಗ ಸುತ್ತ ಹೋಟೆಲುಗಳು, ಚಾಪೆಲ್ ಒಳಗೆ ಮದುವೆ, ಸಂಗೀತ. ಅನಾಥ ಮಕ್ಕಳಿದ್ದ ಜಾಗದಲ್ಲಿ ಮದುವೆ ಊಟನಾ ಅಂತ ಕೆಲವರಿಗೆ ಬೇಜಾರು. ನನಗೆ ಏನೂ ಬೇಜಾರಿಲ್ಲ. ನಗು, ಊಟ, ದೀಪ ಇರಲಿ. ನನ್ನ ತಕರಾರು ಅದಲ್ಲ. ನನ್ನ ತಕರಾರು ಬಾಗಿಲ ಹತ್ತಿರ ನಾವು ಆಡುವ ಆ ಒಂದು ಮಾತು.

"ಹೆಣ್ಣು ಅಂತಲೇ ಬೇಡವಾಗಿತ್ತಲ್ಲ, ಅದು ಸುಳ್ಳಾ?" ಅಂತ ನೀವು ಕೇಳಬಹುದು. ಸುಳ್ಳಲ್ಲ. ಆದರೆ ಯಾರಿಗೆ ಬೇಡವಾಗಿತ್ತು? ಗಂಡನಿಗೆ, ಅತ್ತೆಗೆ, ಊರಿಗೆ, ಪಂಚಾಂಗಕ್ಕೆ. ಅವರೆಲ್ಲರ ಪಾಪ ತಂದು ಹೆತ್ತವಳ ತಲೆಗೆ ಕಟ್ಟಿ "ಎಂಥ ತಾಯಂದಿರೋ" ಅನ್ನೋದು ಯಾವ ನ್ಯಾಯ? ಮಗುವನ್ನು ಉಳಿಸಲು ಅವಳಿಗೆ ಇದ್ದ ದಾರಿ ಒಂದೇ. ಆ ದಾರಿ ಹಿಡಿದಳು. ಗಂಡನನ್ನು ಯಾರೂ ಕೇಳಲ್ಲ. "ಎಂಥ ತಂದೆಯಂದಿರೋ" ಅಂತ ಆ ಗುಂಪಿನಲ್ಲಿ ಒಬ್ಬರೂ ಅನ್ನಲಿಲ್ಲ.

ಮತಾಂತರ ಅಂತ ಕಾಮೆಂಟ್ ಹಾಕಲು ಕಾಯುತ್ತಿರುವವರಿಗೆ ಒಂದೇ ಮಾತು. ರಾತ್ರಿ ಎರಡು ಗಂಟೆಗೆ ಅಳುವ ಕೂಸನ್ನು ಎತ್ತಿಕೊಂಡವರ ಮೇಲೆ ನನಗೆ ಗೌರವ ಇದೆ. ಈ ತಿಂಗಳು ದಿನಾ ರಾತ್ರಿ ಎರಡು ಗಂಟೆಗೆ ಎದ್ದಿದ್ದೇನೆ, ಅದಕ್ಕೇ ಇನ್ನೂ ಜಾಸ್ತಿ ಗೌರವ.

ನಮ್ಮ ಕಾನೂನಿಗೆ ಈ ವ್ಯತ್ಯಾಸ ಗೊತ್ತಿದೆ, ನಮ್ಮ ನಾಲಿಗೆಗೆ ಗೊತ್ತಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ತೊರೆದ ಮಗು ಬೇರೆ, ಒಪ್ಪಿಸಿದ ಮಗು ಬೇರೆ. ಸಾಕೋಕೆ ಆಗದ ತಾಯಿ ತಂದೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಿ ಮಗುವನ್ನು ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸ್ ಪಡೆಯಲು ಎರಡು ತಿಂಗಳು ಸಮಯ ಇರುತ್ತೆ. ಕೈಮೀರಿದ ಪರಿಸ್ಥಿತಿಯಲ್ಲಿ ಹೆತ್ತವರು ಮಗುವನ್ನು ಬಿಟ್ಟರೆ, ಅದನ್ನು ಬೇಕಂತ ಮಾಡಿದ್ದು ಅಂತ ಕಾನೂನು ನೋಡಲ್ಲ. ತಮಿಳುನಾಡಿನಲ್ಲಿ 1992ರಲ್ಲೇ ಸರ್ಕಾರ ತೊಟ್ಟಿಲು ಇಟ್ಟಿತು, ಹೆಣ್ಣು ಕೂಸನ್ನು ಕೊಲ್ಲಬೇಡಿ, ಇಲ್ಲಿ ತಂದು ಮಲಗಿಸಿ ಅಂತ. ದಯವಿಟ್ಟು ಈ ವಿಷಯ ಗೊತ್ತಿಲ್ಲದವರಿಗೆ ಹೇಳಿ. ನಮ್ಮ ಪಕ್ಕದ ಮನೆಯಲ್ಲೇ ಒಬ್ಬಳಿಗೆ ಬೇಕಾಗಿರಬಹುದು. "ಬಿಸಾಕಿದಳು" ಅಂತ ನಾವು ಆಡಿಕೊಳ್ಳೋದನ್ನ ಕೇಳಿಸಿಕೊಂಡವಳು ಆ ಸಮಿತಿ ಮುಂದೆ ಹೋಗಲ್ಲ. ಮುಖ ಮುಚ್ಚಿಕೊಂಡು ಕತ್ತಲಲ್ಲಿ ಎಲ್ಲಿಗೋ ಹೋಗುತ್ತಾಳೆ.

ಗುಂಪು ಹೋದ ಮೇಲೆ ಒಬ್ಬಳೇ ಆ ಬಾಗಿಲ ಹತ್ತಿರ ವಾಪಸ್ ಬಂದೆ. ಹಿಂದೆ ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಲೇ ಇದ್ದವು. ಬಾಗಿಲಿಗೆ ಕೈ ಇಟ್ಟೆ. ಬಿಸಿಲಿಗೆ ಬೆಚ್ಚಗಿತ್ತು. ನೆಲ ನೋಡಿದೆ. ಇಲ್ಲೇ ಬುಟ್ಟಿ ಇಟ್ಟಿರುತ್ತಾರೆ, ಎದ್ದು ನಿಂತಿರುತ್ತಾರೆ, ಎರಡು ಹೆಜ್ಜೆ ಹೋಗಿ ತಿರುಗಿ ನೋಡಿರುತ್ತಾರೆ. ಅಲ್ಲೇ ಅತ್ತುಬಿಟ್ಟೆ.

ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಎಲ್ಲ ಹೇಳಿದೆ. ಚಾಪೆಲ್ ಫೋಟೊ ಕಳಿಸಿದೆ, ಬಾಗಿಲಿನ ಫೋಟೊನೂ ಕಳಿಸಿದೆ. ಚಾಪೆಲ್ ಬಗ್ಗೆ ಅಮ್ಮ ಒಂದೂ ಮಾತಾಡಲಿಲ್ಲ. ಬಾಗಿಲಿನ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಕೇಳಿದಳು.

"ಆ ಊರಲ್ಲಿ ಮಳೆ ಜಾಸ್ತಿ ಅಂತೀಯಲ್ಲ. ಬಾಗಿಲ ಮೇಲೆ ಸೂರು ಇತ್ತೇನೆ?"

ನಾನು ಬರೀ ನೆಲ ನೋಡಿದ್ದೆ, ಮೇಲೆ ನೋಡಿರಲಿಲ್ಲ. ನಾಳೆ ಇನ್ನೊಂದು ಸಲ ಹೋಗಿ ನೋಡಿ ಬರ್ತೀನಿ ಅಮ್ಮಾ ಅಂದೆ.