ರಿಸರ್ಚ್ ಪೇಪರ್‌ಗಿಂತ ಮೊದಲು ವೀಸಾ ನೋಡಿ

ಅಮೆರಿಕದಲ್ಲಿ ಹೈಸ್ಕೂಲ್ ಮುಗಿಯುವಾಗಲೇ ಡಿಗ್ರಿ, ಎಂ.ಡಿ. (ಅಲ್ಲಿ ಡಾಕ್ಟರಾಗಲು ಬೇಕಾದ ಪದವಿ) ಎರಡಕ್ಕೂ ಒಟ್ಟಿಗೆ ಸೀಟು ಕೊಡುವ ಕೋರ್ಸುಗಳಿಗೆ ಒಂಬತ್ತನೇ ಕ್ಲಾಸಿನಿಂದಲೇ ರಿಸರ್ಚ್ ಪೇಪರ್ ಬರೆಸಿ ಎಂದು ನಿಮ್ಮಲ್ಲಿ ಬಂದ ಲೇಖನದಲ್ಲಿ ಲೇಖಕರು ಪೋಷಕರಿಗೆ ಹೇಳಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹದಿನಾಲ್ಕರ ಮಗು ದುಡ್ಡು ಕೊಟ್ಟು ಪ್ರಕಟಿಸಿದ ಪೇಪರಿಗಿಂತ, ಒಂದೇ ವೃದ್ಧಾಶ್ರಮಕ್ಕೆ ವಾರವಾರ ತಪ್ಪದೆ ಹೋಗಿ ಅಜ್ಜ ಅಜ್ಜಿಯರ ಜೊತೆ ಕೂತಿದ್ದೇ ಜಾಸ್ತಿ ಉಪಯೋಗ. ಇಂಟರ್‌ವ್ಯೂನಲ್ಲಿ "ಡಾಕ್ಟರೇ ಯಾಕೆ, ಈಗಲೇ ಯಾಕೆ" ಎಂದು ಕೇಳಿದರೆ ಅಂಥ ಮಗುವಿಗೆ ಹೇಳಲು ಸ್ವಂತದ್ದು ಇರುತ್ತದೆ.

ಎಲ್ಲ ಕೋರ್ಸೂ ಒಂದೇ ಥರ ಇಲ್ಲ. ಬ್ರೌನ್ ವಿಶ್ವವಿದ್ಯಾಲಯದ ಪಿಎಲ್‌ಎಂಇ ಎಂಬ ಕೋರ್ಸು ಎಂಟು ವರ್ಷದ್ದು. ಮೆಡಿಕಲ್ ಕಾಲೇಜು ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆ ಬೇಡ, ಇತಿಹಾಸವನ್ನೋ ಸಾಹಿತ್ಯವನ್ನೋ ಮೇಜರ್ ಆಗಿ ಓದಬಹುದು. ಕಾನ್ಸಾಸ್ ಸಿಟಿಯ ಯುಎಂಕೆಸಿ ವಿಶ್ವವಿದ್ಯಾಲಯದಲ್ಲಿ ಆರೇ ವರ್ಷ. ಅಲ್ಲಿ ಓದಿನ ವೇಗ ಬೇರೆ. ಕೆಲವು ಕಡೆ ಸೀಟು ಉಳಿಸಿಕೊಳ್ಳಲು ಇಂತಿಷ್ಟು ಜಿಪಿಎ (ಓದಿನ ಅಂಕಗಳ ಸರಾಸರಿ), ಎಂಕ್ಯಾಟ್ ಅಂಕ ಬೇಕೇ ಬೇಕು. ಇದನ್ನೆಲ್ಲ ನೋಡದೆ ಸುಮ್ನೆ ಇಪ್ಪತ್ತು ಕಡೆ ಅರ್ಜಿ ಹಾಕಿಸಬೇಡಿ.

ಲೇಖನದಲ್ಲಿ ಬಿಟ್ಟುಹೋದದ್ದು ವೀಸಾ ವಿಷಯ. ಇಂಥ ಎಷ್ಟೋ ಕೋರ್ಸುಗಳಿಗೆ ಅಮೆರಿಕದ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರಲೇಬೇಕು. ನಮ್ಮ ಕನ್ನಡದ ಮನೆಗಳಲ್ಲೇ ಎಚ್-4 ವೀಸಾದ (ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳು ಇದ್ದಾರೆ, ಅಲ್ವಾ? ಚಿಕ್ಕಂದಿನಿಂದ ಅಮೆರಿಕದಲ್ಲೇ ಬೆಳೆದು, ಹನ್ನೆರಡನೇ ಕ್ಲಾಸಿನಲ್ಲಿ ಈ ನಿಯಮ ಗೊತ್ತಾದರೆ ಮಗುವಿಗೆ ಎಷ್ಟು ನೋವು! ಮುಂದಿನ ಲೇಖನದಲ್ಲಿ ದಯವಿಟ್ಟು ಈ ಮಕ್ಕಳ ಬಗ್ಗೆ ಬರೆಯಿರಿ.