ರೂಪಾಯಿಗೆ 6 ಪೈಸೆ ಓದು

ಮನೆ ಕಂದಾಯದ ರಸೀದಿಯನ್ನು ಯಾರೂ ಪೂರ್ತಿ ಓದುವುದಿಲ್ಲ. ನಾನು ಓದಿಬಿಟ್ಟೆ. ಕೆಳಗೆ ಸಣ್ಣಕ್ಷರದಲ್ಲಿ ‘ಗ್ರಂಥಾಲಯ ಕರ’ ಅಂತಿತ್ತು. ಕಂದಾಯದ ರೂಪಾಯಿಗೆ 6 ಪೈಸೆ. ಅಂದರೆ 3,000ಕ್ಕೆ 180. ಇಷ್ಟು ವರ್ಷ ಕಟ್ಟಿದ್ದೇನೆ, ಒಂದು ಕಥೆ ಪುಸ್ತಕವಾದರೂ ಓದಿ ವಸೂಲು ಮಾಡೋಣ ಅಂತ ಕೋಲಾರದ ಒಂದು ಗ್ರಂಥಾಲಯಕ್ಕೆ ಹೊರಟೆ.

ಒಳಗೆ ಕಾಲಿಡಲು ಜಾಗವಿಲ್ಲ. ಪರವಾಗಿಲ್ಲವೇ ನಮ್ಮೂರು ಅಂತ ಖುಷಿಯಾಯಿತು. ನೋಡಿದರೆ ಎಲ್ಲ ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಯ ಹುಡುಗರು. ಪುಸ್ತಕ ಮನೆಯಿಂದಲೇ ತರುತ್ತಾರೆ. ಇಲ್ಲಿ ಅವರಿಗೆ ಬೇಕಾದ್ದು ಫ್ಯಾನು ಮತ್ತು ಮೊಬೈಲ್ ಚಾರ್ಜಿಗೆ ಪ್ಲಗ್ಗು. ಪಾಪ, ಬೇರೆಲ್ಲಿ ಕೂರುತ್ತಾರೆ?

ಲೈಬ್ರರಿಯ ಪುಸ್ತಕಗಳು ಬೀರುವಿನಲ್ಲಿ ಭದ್ರವಾಗಿದ್ದವು. ಗಾಜಿನ ಆಚೆ ಡಿವಿಜಿ, ಪಕ್ಕದಲ್ಲೇ ಮಾಸ್ತಿ. ಒಬ್ಬರು ಮುಳಬಾಗಿಲಿನವರು, ಇನ್ನೊಬ್ಬರು ಮಾಲೂರು ತಾಲ್ಲೂಕಿನವರು. ಇಬ್ಬರೂ ನಮ್ಮ ಜಿಲ್ಲೆಯವರೇ. ಆದರೂ ಭೇಟಿಗೆ ಅವಕಾಶವಿಲ್ಲ.

“ಕೀ ಇಲ್ವಾ?”

“ಸಾರ್ ಹತ್ರ ಇದೆ.”

“ಸಾರ್ ಎಲ್ಲಿ?”

“ಅವರಿಗೆ ಇನ್ನೂ ಎರಡು ಲೈಬ್ರರಿ ಇನ್‌ಚಾರ್ಜು. ಇವತ್ತು ಆ ಕಡೆ.”

“ನಾಳೆ ಬರಲಾ?”

“ನಾಳೆ ಮೀಟಿಂಗು.”

ಬೀರುವಿನ ಮೇಲೆ ಎಸ್.ಆರ್. ರಂಗನಾಥನ್ ಫೋಟೋ. ಗ್ರಂಥಾಲಯಕ್ಕೆ ಐದು ಸೂತ್ರ ಬರೆದವರು, 1931ರಲ್ಲಿ. ಮೊದಲನೆಯದೇ ‘ಪುಸ್ತಕ ಇರುವುದು ಬಳಸಲಿಕ್ಕೆ’. ಪ್ರತಿ ಆಗಸ್ಟ್ 12ಕ್ಕೆ, ಅಂದರೆ ಗ್ರಂಥಪಾಲಕರ ದಿನಕ್ಕೆ, ಅವರಿಗೆ ಹೊಸ ಹಾರ. ಕೆಳಗಿನ ಬೀಗ ಮಾತ್ರ ಹಳೆಯದೇ.

ಇದಕ್ಕೆಲ್ಲ ಕಾಯ್ದೆ ಇಲ್ಲ ಅಂದುಕೊಳ್ಳಬೇಡಿ. 1965ರಲ್ಲೇ ಆಗಿದೆ. ನಾವು ಕರ ಕಟ್ಟಬೇಕು, ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಕ್ಕೆ ದಾಟಿಸಬೇಕು. ನಮ್ಮೂರ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ನೀರು ಬೀಳುತ್ತಲ್ಲ, ಅದು ಎಲ್ಲಿಂದ ಬರುತ್ತೋ ಗೊತ್ತಿಲ್ಲ, ಬರುವುದಂತೂ ಬರುತ್ತೆ. ಗ್ರಂಥಾಲಯ ಕರದ್ದು ಉಲ್ಟಾ. ಎಲ್ಲಿಂದ ಬರುತ್ತೆ ಅನ್ನುವುದಕ್ಕೆ ನನ್ನ ಹತ್ತಿರ ರಸೀದಿಯೇ ಇದೆ.

ಸರಿ, ಪೇಪರಾದರೂ ಓದೋಣ ಅಂತ ಕೂತೆ. ಇಲ್ಲಿ ಪೇಪರ್ ಇಡಿಯಾಗಿ ಸಿಗುವುದಿಲ್ಲ, ಹಾಳೆ ಹಾಳೆಯಾಗಿ ಸಿಗುತ್ತದೆ. ಅರ್ಧ ಗಂಟೆ ಕಾದ ಮೇಲೆ ಮುಖಪುಟ ಕೈಗೆ ಬಂತು. ದೊಡ್ಡಕ್ಷರದಲ್ಲಿ ‘ಗ್ರಂಥಾಲಯ ಕರ ಕೋಟಿ ಕೋಟಿ ಬಾಕಿ’. ಕನ್ನಡಕ ಒರೆಸಿಕೊಂಡು ಆಸೆಯಿಂದ ಓದಿದೆ. ಹಣ ಎಲ್ಲಿ ನಿಂತಿದೆ ಅನ್ನುವ ಸಾಲಿಗೆ ಬರುವಷ್ಟರಲ್ಲಿ ‘7ನೇ ಪುಟಕ್ಕೆ’ ಅಂತಿತ್ತು.

7ನೇ ಪುಟ ಎದುರಿನ ಬೆಂಚಿನಲ್ಲಿತ್ತು. ಒಬ್ಬ ಯಜಮಾನರು ಅದನ್ನು ಮುಖದ ಮೇಲೆ ಹೊದ್ದು ಗೊರಕೆ ಹೊಡೆಯುತ್ತಿದ್ದರು.